ಅಮೆರಿಕಾದಲ್ಲಿ ಅಕೌಂಟಿಂಗ್ ಡಿಗ್ರಿ ಮಾಡೋರು ಜನರಲ್ ಎಜುಕೇಶನ್ ಕೋರ್ಸ್ ಹೆಂಗೆ ಆರಿಸ್ಕೋಬೇಕು

ನಮ್ಮ ಬಿಕಾಂ ಥರ ಅಲ್ಲಿ ಮೊದಲನೇ ವರ್ಷದಿಂದ್ಲೇ ಪೂರ್ತಿ ಅಕೌಂಟ್ಸ್ ಇರಲ್ಲ. ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಅದ್ರಲ್ಲಿ ಹತ್ರಹತ್ರ ಮೂರರಲ್ಲಿ ಒಂದು ಪಾಲು ಇಂಗ್ಲಿಷ್ ಕಾಂಪೊಸಿಷನ್, ಮ್ಯಾಥ್ಸ್, ಸೈನ್ಸ್, ಹಿಸ್ಟರಿ ಅಂತ ಹೋಗುತ್ತೆ, ಇವಕ್ಕೇ ಜನರಲ್ ಎಜುಕೇಶನ್ ಕೋರ್ಸ್ ಅನ್ನೋದು.

ಮೊದ್ಲು ನಿಮ್ಮ ಕಾಲೇಜಿನ ಕ್ಯಾಟಲಾಗ್ ಓದಿ, ಯಾವ ಕೋರ್ಸು ಜನರಲ್ ಎಜುಕೇಶನ್‌ಗೂ ಅಕೌಂಟಿಂಗ್ ಡಿಗ್ರಿಗೆ ಬೇಕಾದ ಬಿಸಿನೆಸ್ ಕೋರ್ಸ್‌ಗಳಿಗೂ, ಎರಡೂ ಕಡೆ ಲೆಕ್ಕಕ್ಕೆ ಬರುತ್ತೆ ಅಂತ ಗುರುತು ಹಾಕ್ಕೊಳ್ಳಿ, ಯಾಕಂದ್ರೆ ಮ್ಯಾಕ್ರೋ ಎಕನಾಮಿಕ್ಸ್ ತಗೊಂಡ್ರೆ ಎಷ್ಟೋ ಕಡೆ ಸೋಶಿಯಲ್ ಸೈನ್ಸ್ ಕೋಟಾನೂ ಮುಗಿಯುತ್ತೆ, ಬಿಸಿನೆಸ್‌ಗೆ ಬೇಕಾದ ಎಕನಾಮಿಕ್ಸೂ ಆಗುತ್ತೆ, ಸುಮ್ನೆ ಸೈಕಾಲಜಿ ತಗೊಂಡು ಆಮೇಲೆ ಎಕನಾಮಿಕ್ಸ್‌ಗೆ ಮತ್ತೆ ಫೀಸ್ ಕಟ್ಟೋದು ತಪ್ಪುತ್ತೆ. ಮ್ಯಾಥ್ಸಲ್ಲೂ ಅಷ್ಟೇ, ಸ್ಟಾಟಿಸ್ಟಿಕ್ಸ್ ಬೇಕಾ ಬಿಸಿನೆಸ್ ಕ್ಯಾಲ್ಕುಲಸ್ ಬೇಕಾ ಕೇಳ್ಕೊಂಡೇ ಸೇರಿ.

ದುಡ್ಡು ಉಳಿಸ್ಬೇಕು ಅಂದ್ರೆ ಕಮ್ಯುನಿಟಿ ಕಾಲೇಜಲ್ಲಿ (ಕಮ್ಮಿ ಫೀಸಿನ ಎರಡು ವರ್ಷದ ಕಾಲೇಜು) ಇವನ್ನ ಮುಗಿಸಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ಬಹುದು, ಕ್ಯಾಲಿಫೋರ್ನಿಯಾದಲ್ಲಾದ್ರೆ ಅಸಿಸ್ಟ್ ಅನ್ನೋ ಸೈಟಲ್ಲಿ ಯಾವ ಕೋರ್ಸನ್ನ ಯಾವ ಯೂನಿವರ್ಸಿಟಿ ಒಪ್ಕೊಳ್ಳುತ್ತೆ ಅಂತ ಸಿಗುತ್ತೆ. ಎಪಿ (ಹೈಸ್ಕೂಲಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆ), ಕ್ಲೆಪ್ (ಕ್ಲಾಸಿಗೆ ಹೋಗ್ದೆ ಬರೆದು ಕ್ರೆಡಿಟ್ ಪಡೆಯೋ ಪರೀಕ್ಷೆ) ಇವುಗಳಿಗೂ ಎಷ್ಟೋ ಕಾಲೇಜು ಕ್ರೆಡಿಟ್ ಕೊಡ್ತಾವೆ. ಬರವಣಿಗೆ, ಪಬ್ಲಿಕ್ ಸ್ಪೀಕಿಂಗ್ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ, ಆಡಿಟ್ ಕೆಲ್ಸದಲ್ಲಿ ರಿಪೋರ್ಟ್ ಬರೆಯೋದು, ಕ್ಲೈಂಟ್ ಹತ್ರ ಮಾತಾಡೋದು ದಿನಾ ಇರುತ್ತೆ. ಪ್ರತಿ ಸೆಮಿಸ್ಟರ್ ರಿಜಿಸ್ಟರ್ ಆಗೋಕೆ ಮುಂಚೆ ಅಡ್ವೈಸರ್ ಹತ್ರ ಕೂತು ಡಿಗ್ರಿ ಆಡಿಟ್, ಅಂದ್ರೆ ಯಾವ ಕೋರ್ಸ್ ಮುಗಿದಿದೆ ಯಾವುದು ಬಾಕಿ ಅನ್ನೋ ಪಟ್ಟಿ, ತೆಗೆಸಿ ನೋಡಿ.