ಮೆಮೊರಿ ತುಂಬಿದ್ದಾಗ ಮಾತ್ರ ಸಸ್ಪೆಂಡ್ ವಿಫಲ: ನೋಟಿಫೈಯರ್ ಪರಿಹಾರ

ನನ್ನ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ಕರ್ನಲ್ ಕೋಡ್) ಸಾಮಾನ್ಯವಾಗಿ ಸರಿಯಾಗಿಯೇ ಸಸ್ಪೆಂಡ್ ಆಗುತ್ತಿತ್ತು, ಅಂದರೆ ಕಂಪ್ಯೂಟರ್ ಜೊತೆ ನಿದ್ರೆಗೆ ಹೋಗುತ್ತಿತ್ತು. ಮೆಮೊರಿ ತುಂಬಿದ್ದಾಗ ಮಾತ್ರ ಲಾಗ್‌ನಲ್ಲಿ -12, ಅಂದರೆ ಮೆಮೊರಿ ಸಿಗಲಿಲ್ಲವೆಂಬ ದೋಷ. ಸಾಧನದ ಸ್ಥಿತಿ ಉಳಿಸಲು ಸಸ್ಪೆಂಡ್ ಕಾಲ್‌ಬ್ಯಾಕ್‌ನೊಳಗೇ (ಸಸ್ಪೆಂಡ್ ಆಗುವಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) 256 ಕೆಬಿ ಮೆಮೊರಿ ಕೇಳುತ್ತಿತ್ತು.

ಮೆಮೊರಿಯನ್ನು ಹೇಗೆ ಹುಡುಕಬೇಕೆಂದು ಹೇಳುವ ಫ್ಲ್ಯಾಗ್ ಬದಲಿಸಿ ಜಿಎಫ್‌ಪಿ_ಅಟಾಮಿಕ್ ಹಾಕಿದರೆ ಇನ್ನೂ ಹದಗೆಟ್ಟಿತು. ಅದು ಪುಟಗಳು ತೆರವಾಗಲೆಂದು ಕಾಯುವುದೇ ಇಲ್ಲ. ಜಿಎಫ್‌ಪಿ_ನೋಐಒ ಹಾಕಿದರೂ ಅದೇ ಕಥೆ. ಡಿಸ್ಕ್ ಆಗಲೇ ನಿಂತಿರಬಹುದಾದ್ದರಿಂದ ಆ ಹಂತದಲ್ಲಿ ಕರ್ನಲ್ ತಾನಾಗಿಯೇ ಐಒ, ಎಫ್ಎಸ್ ಬಿಟ್‌ಗಳನ್ನು (ಮೆಮೊರಿ ಹುಡುಕುವಾಗ ಡಿಸ್ಕ್, ಫೈಲ್‌ಸಿಸ್ಟಮ್ ಬಳಸಲು ಬಿಡುವ ಅನುಮತಿಗಳು) ತೆಗೆದುಹಾಕಿರುತ್ತದೆ. ಸ್ವಾಪ್‌ಗೆ (ಮೆಮೊರಿಯ ಪುಟಗಳನ್ನಿಡುವ ಡಿಸ್ಕ್ ಜಾಗ) ಬರೆದು ಜಾಗ ಮಾಡುವ ದಾರಿ ಮುಚ್ಚಿರುವಾಗ ಫ್ಲ್ಯಾಗ್ ಬದಲಿಸಿ ಫಲವಿಲ್ಲ.

ಕೆಲಸ ಮಾಡಿದ್ದು ಇದು. ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಓಡುವ ಡ್ರೈವರ್ ಫಂಕ್ಷನ್) ರಿಜಿಸ್ಟರ್_ಪಿಎಂ_ನೋಟಿಫೈಯರ್ ಕರೆದು ನೋಟಿಫೈಯರ್, ಅಂದರೆ ಸಸ್ಪೆಂಡ್ ಸಂದೇಶಗಳನ್ನು ಪಡೆಯುವ ಫಂಕ್ಷನ್, ನೋಂದಾಯಿಸಿ. ಪಿಎಂ_ಸಸ್ಪೆಂಡ್_ಪ್ರಿಪೇರ್ ಬಂದಾಗ ಜಿಎಫ್‌ಪಿ_ಕರ್ನಲ್‌ನಿಂದ ಬಫರ್ ಪಡೆಯಿರಿ; ಆಗ ಪ್ರೋಗ್ರಾಮ್‌ಗಳೂ ಡಿಸ್ಕ್ ಕೂಡ ಇನ್ನೂ ಎಚ್ಚರವಾಗಿಯೇ ಇರುತ್ತವೆ. ಸಿಗದಿದ್ದರೆ ನೋಟಿಫೈಯರ್_ಫ್ರಮ್_ಎರ್‌ನೋ ಮೂಲಕ ದೋಷ ಹಿಂದಿರುಗಿಸಿ. ಆಗ ಯಾವ ಸಾಧನವನ್ನೂ ಮುಟ್ಟುವ ಮೊದಲೇ ಸಸ್ಪೆಂಡ್ ರದ್ದಾಗುತ್ತದೆ. ಕಾಲ್‌ಬ್ಯಾಕ್ ಆ ಬಫರ್‌ಗೆ ಬರೆದರೆ ಸಾಕು. ಪಿಎಂ_ಪೋಸ್ಟ್_ಸಸ್ಪೆಂಡ್‌ನಲ್ಲಿ ಕೆಫ್ರೀಯಿಂದ ಬಫರ್ ಬಿಟ್ಟುಕೊಟ್ಟು ಪಾಯಿಂಟರ್‌ಗೆ ನಲ್ ಹಾಕಿ. ಮೆಮೊರಿಯನ್ನು ಡಿಸ್ಕ್‌ಗೆ ಬರೆದು ಕಂಪ್ಯೂಟರ್ ನಿಲ್ಲಿಸುವ ಹೈಬರ್ನೇಷನ್‌ಗೆ ಬೇರೆಯೇ ಸಂದೇಶಗಳಿವೆ (ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ): ಪಿಎಂ_ಹೈಬರ್ನೇಷನ್_ಪ್ರಿಪೇರ್, ಪಿಎಂ_ಪೋಸ್ಟ್_ಹೈಬರ್ನೇಷನ್. ಅವನ್ನೂ ಅದೇ ಸ್ವಿಚ್‌ನಲ್ಲಿ ಸೇರಿಸಿ. ರಿಮೂವ್‌ನಲ್ಲಿ (ಸಾಧನ ತೆಗೆದಾಗ ಓಡುವ ಫಂಕ್ಷನ್) ನೋಟಿಫೈಯರ್ ನೋಂದಣಿ ತೆಗೆಯಿರಿ.