ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ್ದು

ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಮಸಿಯಂಥ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬೀದರಿನ ಸುಲ್ತಾನ ಅಲಿ ಬರೀದ್ ಶಾಹನ ಆಳ್ವಿಕೆಯ (1542–1580) ಕೆಲಸ ಅದು. ಇಂಥದೇ ಕೂರಿಸುವ ಕೆಲಸಕ್ಕೆ ಹೆಸರಾದ ಆಗ್ರಾದ ಇತ್ಮಾದ್-ಉದ್-ದೌಲಾ ಗೋರಿ ಕಟ್ಟಲು ಶುರುವಾದದ್ದು ಅದಾದ ಮೇಲೆ, 1622ರಲ್ಲಿ. ಅಲ್ಲಿ ಬಿಳಿ ಅಮೃತಶಿಲೆಗೆ ಬಣ್ಣಬಣ್ಣದ ಕಲ್ಲು, ನಮ್ಮಲ್ಲಿ ಕಪ್ಪಿಗೆ ಬಿಳಿ. ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವನಾದ ನನಗೆ ಆ ಕಪ್ಪು-ಬಿಳುಪು ಹುಟ್ಟಿನಿಂದ ಕಂಡದ್ದು. ಒಂದು ಹೂವನ್ನಾದರೂ ಕಲ್ಲಿನಲ್ಲಿ ಮಾಡಿ ನೋಡಲೇಬೇಕು ಅನ್ನಿಸಿತ್ತು.

ಬಿದ್ರಿಯಲ್ಲಿ ಸತು-ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಇಟ್ಟು ಬಡಿಯುತ್ತೇವೆ. ಗೆರೆ ಕೂದಲೆಳೆಯಷ್ಟು ಹೆಚ್ಚು ಅಗಲವಾದರೂ ಬೆಳ್ಳಿ ಹರಡಿ ತುಂಬಿಕೊಳ್ಳುತ್ತದೆ. ಅದೇ ರೂಢಿಯಲ್ಲಿ ಕಲ್ಲಿನ ಮೇಲೂ ಮೊದಲು ಹೂವು ಬರೆದು, ಗುಳಿ ತೋಡಿ, ಆಮೇಲೆ ಚಿಪ್ಪನ್ನು ಅರದಿಂದ ಉಜ್ಜಿ ಅದಕ್ಕೆ ಹೊಂದಿಸಲು ಹೋದೆ. ನಾಲ್ಕು ಎಸಳು ಮುರಿದವು. ಐದನೆಯದು ಕೂತಿತು, ಆದರೆ ಸುತ್ತಲೂ ಸಂದು.

ಉಸ್ತಾದರು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲು ಚಿಪ್ಪು ಕೊಯ್ಕೋ. ಅದನ್ನ ಕಲ್ಲಿನ ಮ್ಯಾಲಿಟ್ಟು ಗೆರಿ ಹೊಡಿ. ಗೆರಿ ಒಳಗ ಕೆತ್ತು" ಅಂದರು.

ಹಾಗೇ ಮಾಡಿದೆ. ಚಿಪ್ಪು ಬಾಗಿರುತ್ತದೆ, ಸಪಾಟು ಜಾಗ ಸಿಗುವುದೇ ಕಡಿಮೆ. ಸಣ್ಣ ಗರಗಸದಿಂದ, ನೀರು ಹಾಕುತ್ತಲೇ ಕೊಯ್ಯಬೇಕು. ಅದರ ಧೂಳು ಎದೆಗೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಯಾರೂ ಮುಟ್ಟಬೇಡಿ. ಎಸಳಿಗೆ ಒಂದು ಹನಿ ಗೋಂದು ಹಚ್ಚಿ ಕಲ್ಲಿಗೆ ಅಂಟಿಸಿ, ಸೂಜಿ ಮೊನೆಯಿಂದ ಸುತ್ತ ಗೀರಿದೆ. ಎಸಳು ತೆಗೆದು, ಡೈಮಂಡ್ ಬಿಟ್‌ನಿಂದ ಗೀರಿನ ಒಳಬದಿಗೆ ಕೊರೆದೆ. ಆ ಕಾಲದಲ್ಲಿ ಇಂಥ ಮೆಷಿನ್ ಎಲ್ಲಿತ್ತು! ಕೊರೆಯುತ್ತ ಪ್ರತಿ ಸಲವೂ ಮಹಲಿನ ಆ ಕೆಲಸಗಾರರ ಕೈಗಳು ನೆನಪಾಗುತ್ತಿದ್ದವು. ಗುಳಿಯ ತಳದಲ್ಲಿ ಸಾಸಿವೆಯಷ್ಟು ಉಬ್ಬು ಉಳಿದರೂ ಒತ್ತಿದಾಗ ಚಿಪ್ಪು ಬಿರಿಯುತ್ತದೆ. ಅಂಟಿಗೆ ಕಪ್ಪು ಪುಡಿ ಕಲಸಿದ ಅರಾಲ್ಡೈಟ್ ಬಳಸಿದೆ.

ತಪ್ಪು ಇನ್ನೂ ಎರಡು ಆದವು. ನುಣುಪು ಮಾಡಲು ಎಮರಿ ಕಾಗದವನ್ನು ಬೆರಳಿನಿಂದಲೇ ಒತ್ತಿ ಉಜ್ಜಿದೆ. ಕಲ್ಲು ಗಟ್ಟಿ, ಚಿಪ್ಪು ಮೆದು. ಎಸಳುಗಳು ಕಲ್ಲಿನ ಮಟ್ಟಕ್ಕಿಂತ ತಗ್ಗಿಹೋದವು. ಕಾಗದವನ್ನು ಸಪಾಟಾದ ಮರದ ತುಂಡಿಗೆ ಸುತ್ತಿ ಉಜ್ಜಬೇಕಿತ್ತು. ಎರಡನೆಯದು ಹೊಳಪಿನದು. ಚಿಪ್ಪನ್ನು ಒಂದು ಕಡೆಗೆ ತಿರುಗಿಸಿದರೆ ಹಸಿರು-ಗುಲಾಬಿ ಮಿಂಚುತ್ತದೆ, ಇನ್ನೊಂದು ಕಡೆಗೆ ಸುಣ್ಣದಂತೆ ಮಂಕು. ಆರು ಎಸಳಿನಲ್ಲಿ ಎರಡನ್ನು ಹಾಗೆ ನೋಡದೆ ಕೂರಿಸಿಬಿಟ್ಟೆ. ಮಹಲಿಗೆ ಮತ್ತೆ ಹೋದಾಗ ಒಂದೇ ಜಾಗದಲ್ಲಿ ನಿಲ್ಲದೆ, ಬಾಗಿಲ ಬೆಳಕಿಗೆ ಅಡ್ಡಡ್ಡ ನಡೆದು ನೋಡಿದೆ.

ಎರಡನೇ ಹೂವಿಗೆ 11 ದಿನ ಹಿಡಿಯಿತು. ಸಂದಿಗೆ ಉಗುರು ಸಿಕ್ಕುವುದಿಲ್ಲ. ಈಗ ಅದರ ಬಳ್ಳಿಗೆಂದು 14 ಪುಟ್ಟ ತುಂಡುಗಳನ್ನು ಕೊಯ್ದು, ಮಿಂಚುವ ಕಡೆಗೆ ಪೆನ್ಸಿಲ್ ಗುರುತು ಹಾಕಿಟ್ಟಿದ್ದೇನೆ.