ಕಾರ್-ಟಿ ಚಿಕಿತ್ಸೆ: ರೋಗಿಯ ಜೊತೆಗಿರುವವರು ಮಾಡಬೇಕಾದ ಕೆಲಸ

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ರಕ್ತ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ರೋಗಿಗೆ ಹೇಳಬೇಕಾದ್ದನ್ನು ಡಾಕ್ಟರು ಹೇಳುತ್ತಾರೆ. ಇದು ಪಕ್ಕದಲ್ಲಿ ಚಾಪೆ ಹಾಕಿ ಮಲಗುವ ಹೆಂಡತಿಗೆ, ಅಣ್ಣನಿಗೆ, ಮಗಳಿಗೆ.

ಕಾರ್-ಟಿ ಅಂದರೆ ರೋಗಿಯದೇ ರಕ್ತಕಣಗಳನ್ನು ತೆಗೆದು, ಕ್ಯಾನ್ಸರನ್ನು ಗುರುತು ಹಿಡಿಯುವಂತೆ ಬದಲಿಸಿ ವಾಪಸ್ ಹಾಕುವ ಚಿಕಿತ್ಸೆ. ಈಗ ಇದಕ್ಕಾಗಿ ಅಮೆರಿಕಕ್ಕೆ ಹೋಗಬೇಕಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಮಾಡಿದ ನೆಕ್ಸ್‌ಕಾರ್19 ಅನ್ನೋ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2025ರಲ್ಲಿ ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಆದರೂ ಖರ್ಚು ಹತ್ತಾರು ಲಕ್ಷ. ಎಸ್ಟಿಮೇಟ್ ಕೊಟ್ಟಾಗ ಐಸಿಯು, ಹೊಸ ಕಣಗಳು ಕೆರಳಿದರೆ ತಣ್ಣಗಾಗಿಸಲು ಕೊಡುವ ಟೋಸಿಲಿಝುಮ್ಯಾಬ್ ಇಂಜೆಕ್ಷನ್ ಸೇರಿದೆಯಾ ಅಂತ ಮೊದಲೇ ಕೇಳಿ.

ಶುರುವಿನಲ್ಲಿ, ಡಯಾಲಿಸಿಸ್ ತರಹದ ಮಿಷನ್ನಿಗೆ ಜೋಡಿಸಿ ರಕ್ತದಿಂದ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆಯುತ್ತಾರೆ. ತುಟಿ, ಬೆರಳು ಜುಮ್ಮೆಂದರೆ ಸಿಸ್ಟರಿಗೆ ಹೇಳಿಸಿ. ಕ್ಯಾಲ್ಸಿಯಂ ಇಳಿದಿರುತ್ತದೆ ಅಷ್ಟೆ. ಆ ಕಣಗಳಿಗೆ ಲ್ಯಾಬಿನಲ್ಲಿ ಹೊಸ ಜೀನ್ ಸೇರಿಸುತ್ತಾರೆ. ಕ್ಯಾನ್ಸರ್ ಕಣದ ಮೈಮೇಲಿರುವ ಸಿಡಿ19 ಅನ್ನೋ ಗುರುತನ್ನು ಅವು ಹಿಡಿಯೋದು ಆಮೇಲೆ. ಕಣ ಬೆಳೆದು ಬರಲು ಕೆಲವು ವಾರ ಬೇಕು. ವಾಪಸ್ ಹಾಕುವ ಮುಂಚೆ ಸಾಮಾನ್ಯವಾಗಿ ಮೂರು ದಿನ ಕೀಮೋ ಇರುತ್ತದೆ. ಕಣ ಹಾಕುವುದು ಮಾತ್ರ ಸಣ್ಣ ಚೀಲ, ಸ್ವಲ್ಪ ಹೊತ್ತಿನ ಕೆಲಸ. ಇಷ್ಟೇನಾ ಅಂತ ಎಲ್ಲರೂ ಕೇಳುತ್ತಾರೆ.

ನಿಜವಾದ ಕಾವಲು ಅಲ್ಲಿಂದ ಶುರು. ಜ್ವರ 100.4 ದಾಟಿದರೆ ಕೂಡಲೇ ಹೇಳಿ. ಸುಮ್ನೆ ಬ್ಯಾಗಿನಿಂದ ಡೋಲೋ ತೆಗೆದು ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ. ಹೊಸ ಕಣಗಳು ಕೆರಳಿದಾಗ ಜ್ವರದ ಹಿಂದೆಯೇ ಬಿಪಿ ಬೀಳಬಹುದು, ಉಸಿರು ಕಟ್ಟಬಹುದು.

ಇನ್ನೊಂದು ತೊಂದರೆ ತಲೆಗೆ ಸಂಬಂಧಿಸಿದ್ದು. ಅದನ್ನು ಎಷ್ಟೋ ಸಲ ನಮಗಿಂತ ಮೊದಲು ಮನೆಯವರೇ ಗಮನಿಸುತ್ತಾರೆ. ನಾವು ದಿನವೂ ಕೇಳುವುದು ಹತ್ತು ಅಂಕದ ಪರೀಕ್ಷೆ: ಇಸವಿ, ತಿಂಗಳು, ಊರು, ಆಸ್ಪತ್ರೆ, ಮೂರು ವಸ್ತುಗಳ ಹೆಸರು, ಹೇಳಿದ ಒಂದು ಕೆಲಸ ಮಾಡುವುದು, ಒಂದು ವಾಕ್ಯ ಬರೆಯುವುದು, ನೂರರಿಂದ ಹತ್ತತ್ತು ಕಳೆಯುತ್ತಾ ಬರುವುದು. ಇದೆಲ್ಲ ಕನ್ನಡದಲ್ಲೇ ಆಗಲಿ ಅಂತ ಹೇಳಿ, ನಾಚಿಕೆ ಬೇಡ. ಇಂಗ್ಲಿಷ್ ಬಾರದ ಅಜ್ಜನಿಗೆ ಇಂಗ್ಲಿಷಿನಲ್ಲಿ ಕೇಳಿದರೆ ಅಂಕ ಹೋಗೋದು ಮಿದುಳಿನಿಂದಲ್ಲ, ಅಲ್ವಾ?

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಕಣ ಹಾಕುವ ಮುಂಚೆಯೇ ಒಂದು ವಾಕ್ಯ ಬರೆಸಿಡಿ, ಆಮೇಲೆ ದಿನವೂ ಅದೇ ವಾಕ್ಯ. ‘ತೋಟಕ್ಕೆ ನೀರು ಬಿಡಬೇಕು’ ಅಂತ ಬರೆಯುತ್ತಿದ್ದ ಒಬ್ಬರ ಕೈಯಲ್ಲಿ ಒಂದು ಬೆಳಿಗ್ಗೆ ಒತ್ತು ಕಳಚಿತು, ಸಾಲು ಕೆಳಗೆ ಜಾರಿತು. ಮಾತು ಮಾತ್ರ ಸರಿಯಾಗೇ ಇತ್ತು. ಪುಟ ನೋಡಿದ ಡಾಕ್ಟರು ಆಗಲೇ ಸ್ಟೀರಾಯ್ಡ್ ಶುರು ಮಾಡಿದರು.

ಡಿಸ್ಚಾರ್ಜ್ ಆದಮೇಲೂ ಡಾಕ್ಟರು ಹೇಳುವವರೆಗೆ ಆಸ್ಪತ್ರೆಯ ಹತ್ತಿರವೇ ರೂಮು ಮಾಡಿಕೊಂಡಿರಿ. ಗಾಡಿ ಓಡಿಸೋದು ಬೇಡ. ಸೋಂಕಿನ ಭಯ ತಿಂಗಳುಗಟ್ಟಲೆ ಇರುತ್ತದೆ, ನೆಂಟರನ್ನು ಬಾಗಿಲಲ್ಲೇ ತಡೆಯಿರಿ. ಚಿಕಿತ್ಸೆಯ ಕಾರ್ಡು ಜೇಬಿನಲ್ಲಿರಲಿ. ಊರಿನ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ ಮೊದಲು ಕಾರ್ಡು ಕೊಡಿ, ಔಷಧಿ ಬರೆಯುವ ಮುಂಚೆ ನಮ್ಮ ವಾರ್ಡಿಗೆ ಫೋನ್ ಮಾಡಿಸಿ.